ಎಲೆಮರೆಯ ಹನ್ನೊಂದು ಮಂದಿ

ಪರವೂರಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಕ್ರಿಕೆಟ್ ಎಂದರೆ ಆರೇಳು ಹೆಸರುಗಳ ನಾಮಾವಳಿ. ವಿಶ್ವನಾಥರ ಸ್ಕ್ವೇರ್ ಕಟ್, ಪ್ರಸನ್ನ ಮತ್ತು ಚಂದ್ರಶೇಖರರ ಸ್ಪಿನ್, ಕಿರ್ಮಾನಿಯವರ ಕೈಚಳಕ, ಶ್ರೀನಾಥರ ವೇಗ, ದ್ರಾವಿಡರ ತಾಳ್ಮೆ, 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆಯವರು ಪಡೆದ ಹತ್ತಕ್ಕೆ ಹತ್ತು ವಿಕೆಟ್. ಇಷ್ಟನ್ನು ಪಠಿಸಿ ಮಂಗಳಾರತಿ ಎತ್ತಿದರೆ ಪೂಜೆ ಮುಗಿಯಿತು. ಭೋಸರಿಯ ಚಹಾ ಟಪರಿಯಲ್ಲಿ ಮರಾಠಿ ಮಿತ್ರರು ಮುಂಬಯಿಯ ಪಟ್ಟಿಯನ್ನು ಬಿಚ್ಚಿದರೆ ನಾವು ಈ ಪಟ್ಟಿಯನ್ನು ಬಿಚ್ಚುತ್ತೇವೆ. ಪಟ್ಟಿ ದೊಡ್ಡದೇ, ಸಂದೇಹವಿಲ್ಲ. ಆದರೆ ರಥದ ಮೇಲೆ ಉತ್ಸವಮೂರ್ತಿ ಹೊರಟಾಗ ಪ್ರಾಕಾರದಲ್ಲಿ ಉಳಿದ ಪರಿವಾರ ದೇವತೆಗಳತ್ತ ಯಾರ ಕಣ್ಣೂ ಹೋಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಈಚೆಗೆ ನಮ್ಮ ಹುಡುಗರು ಮೊಬೈಲಿನಲ್ಲಿ ಕಾಲ್ಪನಿಕ ತಂಡ ಕಟ್ಟುವ ಆಟವನ್ನು ಕಲಿತಿದ್ದಾರೆ. ಹಣ ಕಟ್ಟಿ ಆಡುವುದನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿ ನಿಷೇಧಿಸಿತು. ತಂಡ ಕಟ್ಟುವ ಚಪಲವನ್ನು ನಿಷೇಧಿಸುವ ಕಾಯಿದೆ ಇನ್ನೂ ಬಂದಿಲ್ಲ. ಆ ಆಟದಲ್ಲಿ ಎಲ್ಲರೂ ಆರಿಸುವುದು ಎಲ್ಲರಿಗೂ ಗೊತ್ತಿರುವ ಹೆಸರುಗಳನ್ನೇ. ನಾವು ಇಲ್ಲಿ ತದ್ವಿರುದ್ಧವಾದ ತಂಡವೊಂದನ್ನು ಕಟ್ಟಲು ಹೊರಟಿದ್ದೇವೆ. ಭಾರತಕ್ಕೆ ಆಡಿಯೂ ಎಲೆಮರೆಯ ಕಾಯಿಗಳಾಗಿ ಉಳಿದ ನಮ್ಮ ನಾಡಿನ ಆಟಗಾರರ ತಂಡ ಇದು. ಕಾಸಿನ ಲಾಭವಿಲ್ಲದ ಕೆಲಸ. ಆದರೆ ಒಬ್ಬ ಮನುಷ್ಯನ ಯೋಗ್ಯತೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬ ಪ್ರಶ್ನೆ ಇದರಲ್ಲಿ ಅಡಗಿದೆಯಾದ್ದರಿಂದ ವಾಚಕರ ಸಮಯ ವ್ಯರ್ಥವಾಗಲಾರದೆಂದು ನಂಬಿದ್ದೇವೆ.

ನಿಯಮಗಳು

ಸರ್ಕಾರಿ ಗುಮಾಸ್ತರಾದ ನಮಗೆ ನಿಯಮಾವಳಿಯಿಲ್ಲದೆ ಕೈ ಓಡುವುದಿಲ್ಲ. ಆದ್ದರಿಂದ ಮೂರು ನಿಯಮಗಳನ್ನು ಮಾಡಿಕೊಂಡಿದ್ದೇವೆ. ಮೊದಲನೆಯದು, ಆಟಗಾರನು ಮೈಸೂರು ಅಥವಾ ಕರ್ನಾಟಕ ತಂಡಕ್ಕೆ ಆಡಿರಬೇಕು. ಹುಟ್ಟಿದ ಊರನ್ನು ನಾವು ಕೇಳುವುದಿಲ್ಲ. ಬ್ರಿಜೇಶ್ ಪಟೇಲರು ಹುಟ್ಟಿದ್ದು ಬರೋಡೆಯಲ್ಲಿ, ಕರುಣ್ ನಾಯರ್ ಹುಟ್ಟಿದ್ದು ಜೋಧಪುರದಲ್ಲಿ. ವಿಜಯಪುರ, ಕಲಬುರಗಿ, ಬೆಳಗಾವಿಗಳಲ್ಲಿ ಹುಟ್ಟಿ ಪಿಂಪ್ರಿ-ಚಿಂಚವಾಡದ ಯಂತ್ರಗಳ ಮುಂದೆ ಬೆವರು ಸುರಿಸಿದ ಜನ ನಾವು. ಇನ್ನೊಬ್ಬರ ಹುಟ್ಟಿದೂರಿನ ದಾಖಲೆ ಕೇಳುವ ಹಕ್ಕು ನಮಗೆಲ್ಲಿಯದು? ಎರಡನೆಯದು, ಭಾರತಕ್ಕೆ ಒಂದಾದರೂ ಅಂತರರಾಷ್ಟ್ರೀಯ ಪಂದ್ಯ ಆಡಿರಬೇಕು. ಮೂರನೆಯದು, ಟೆಸ್ಟ್ ಪಂದ್ಯಗಳ ಸಂಖ್ಯೆ 25ನ್ನು ಮುಟ್ಟಿರಬಾರದು.

ಎರಡನೆಯ ನಿಯಮದಿಂದ ಕೆಲವು ಒಳ್ಳೆಯ ಹೆಸರುಗಳು ಬಿಟ್ಟುಹೋಗುತ್ತವೆ. ಎಡಗೈ ಸ್ಪಿನ್ನರ್ ಬಿ. ವಿಜಯಕೃಷ್ಣ, ಆರಂಭಿಕ ದಾಂಡಿಗ ಜೆ. ಅರುಣ್‌ಕುಮಾರ್, ಎ. ವಿ. ಜಯಪ್ರಕಾಶ್ ಇವರಿಗೆ ಭಾರತದ ಟೋಪಿ ಸಿಗಲೇ ಇಲ್ಲ. ಜಯಪ್ರಕಾಶ್ ಅಂಪೈರರಾಗಿ ಟೆಸ್ಟ್ ಕಣಕ್ಕೆ ಇಳಿದರು. ಕುಂಬ್ಳೆಯವರ ಹತ್ತು ವಿಕೆಟ್ಟಿನ ದಿನ ದೆಹಲಿಯಲ್ಲಿ ನಿಂತಿದ್ದ ಇಬ್ಬರು ಅಂಪೈರರಲ್ಲಿ ಅವರೊಬ್ಬರು. ಬಾಗಿಲನ್ನೇ ದಾಟದವರ ಕಥೆ ಬೇರೆ. ಬಾಗಿಲು ದಾಟಿ ಒಳಗೆ ಕಾಲಿಟ್ಟು, ಕುರ್ಚಿ ಸಿಗದೆ ಹಿಂದಿರುಗಿದವರ ಕಥೆ ಬೇರೆ. ನಮ್ಮ ವಿಮರ್ಶೆ ಎರಡನೆಯವರನ್ನು ಕುರಿತದ್ದು.

ಇನ್ನು ಅಳತೆಯ ಮಾತು. ಕ್ರಿಕೆಟ್ಟಿನಲ್ಲಿ ಸರಾಸರಿಯೇ ವೇದವಾಕ್ಯ. ಆದರೆ ಬಿ.ಎಸ್ಸಿ. ತರಗತಿಯಲ್ಲಿ ಸಂಖ್ಯಾಶಾಸ್ತ್ರದ ಮೊದಲ ಪಾಠ ಕೇಳಿದವರಿಗೂ ಗೊತ್ತು, ನಾಣ್ಯವನ್ನು ಎರಡು ಸಲ ಚಿಮ್ಮಿ ಎರಡು ಸಲವೂ ರಾಜನ ತಲೆ ಬಿದ್ದರೆ ನಾಣ್ಯಕ್ಕೆ ಇನ್ನೊಂದು ಮುಖವೇ ಇಲ್ಲವೆಂದು ಹೇಳಲಾಗದು. ಐವತ್ತು ಟೆಸ್ಟ್ ಆಡಿದವನ ಸರಾಸರಿ ಅವನ ಗುಣವನ್ನು ಹೇಳುತ್ತದೆ. ಎರಡು ಟೆಸ್ಟ್ ಆಡಿದವನ ಸರಾಸರಿ ಆ ಎರಡು ವಾರಗಳ ಹವಾಮಾನವನ್ನು ಮಾತ್ರ ಹೇಳುತ್ತದೆ. ಕಛೇರಿಯಲ್ಲಿ ಹಿರಿಯರೊಬ್ಬರು ರಜೆ ಹೋದಾಗ ಕಿರಿಯನೊಬ್ಬನನ್ನು ಆ ಜಾಗದಲ್ಲಿ ಕೂರಿಸುತ್ತಾರೆ. ಅವನಿಗೆ ಫೈಲಿನ ಗಂಟು ಬಿಚ್ಚುವುದು ಅಭ್ಯಾಸವಾಗುವಷ್ಟರಲ್ಲಿ ಹಿರಿಯರು ಬಂದುಬಿಡುತ್ತಾರೆ. ಆಮೇಲೆ ಅವನ ಗೋಪ್ಯ ವರದಿಯಲ್ಲಿ "ಕೆಲಸ ಸಾಧಾರಣ" ಎಂಬ ಷರಾ ಬೀಳುತ್ತದೆ. ನಮ್ಮ ಹನ್ನೊಂದು ಮಂದಿಯಲ್ಲಿ ಹಲವರ ಕಥೆ ಇದೇ. ಆದ್ದರಿಂದ ಇವರ ಟೆಸ್ಟ್ ಅಂಕಿಗಳ ಪಕ್ಕದಲ್ಲಿ ಇವರಿಗೆ ದೊರೆತ ಅವಕಾಶವನ್ನೂ, ವರ್ಷಗಟ್ಟಲೆ ರಣಜಿಯಲ್ಲಿ ಮಾಡಿದ ಸಾಧನೆಯನ್ನೂ ಇಟ್ಟು ಓದಬೇಕು. ನಮ್ಮ ಅಳತೆಗೋಲು ಅದು.

ಆರಂಭಿಕ ಜೋಡಿ

ಮೊದಲ ಹೆಸರು ಮಯಾಂಕ್ ಅಗರವಾಲ್. ಇವರನ್ನು ಎಲೆಮರೆಯವರೆಂದರೆ ಕೆಲವರು ಹುಬ್ಬೇರಿಸಬಹುದು. ನಿಗಡಿಯಿಂದ ದೇಹೂರೋಡು ದಾಟಿದರೆ ಸಿಗುವ ಗಹುಂಜೆಯ ಕ್ರೀಡಾಂಗಣ ನಮ್ಮ ಹಿತ್ತಿಲಿದ್ದಂತೆ. ಅಲ್ಲಿ 2017ರ ನವೆಂಬರಿನಲ್ಲಿ ಮಹಾರಾಷ್ಟ್ರದ ವಿರುದ್ಧ ಮಯಾಂಕ್ ಔಟಾಗದೆ 304 ರನ್ ಹೊಡೆದರು. ಕರ್ನಾಟಕ ಇನಿಂಗ್ಸ್ ಅಂತರದಲ್ಲಿ ಗೆದ್ದಿತು. ಅದೇ ತಿಂಗಳೊಳಗೆ ಅವರ ರನ್ನುಗಳು ಸಾವಿರ ದಾಟಿದವು. 2019ರ ಅಕ್ಟೋಬರಿನಲ್ಲಿ ಅದೇ ಅಂಗಣದಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧದ ಟೆಸ್ಟಿನಲ್ಲಿ 108. ನಮ್ಮ ಮನೆಬಾಗಿಲಲ್ಲಿ ನಡೆದ ಈ ಎರಡು ಇನಿಂಗ್ಸುಗಳನ್ನು ಸಂಘದ ಎಷ್ಟು ಮನೆಗಳಲ್ಲಿ ಇಂದು ನೆನೆಯುತ್ತಾರೆ?

ಮಯಾಂಕರದು ಒಟ್ಟು 21 ಟೆಸ್ಟ್, 1488 ರನ್, ಸರಾಸರಿ 41ಕ್ಕೆ ಮೇಲೆ, 4 ಶತಕ. ಅವುಗಳಲ್ಲಿ ಎರಡು ದ್ವಿಶತಕ. 2021ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನ್ಯೂಜಿಲೆಂಡಿನ ಏಜಾಜ್ ಪಟೇಲ್ ಹತ್ತೂ ವಿಕೆಟ್ ಕಿತ್ತ ಇನಿಂಗ್ಸಿನಲ್ಲಿ 150 ಹೊಡೆದವರು ಇವರೇ. 2022ರ ಮಾರ್ಚಿನ ನಂತರ ಟೆಸ್ಟ್ ಆಡುವ ಅವಕಾಶ ಸಿಗಲಿಲ್ಲ. ನಾಲ್ಕೂ ಶತಕಗಳು ತವರಿನಲ್ಲೇ ಬಂದವೆಂಬುದು ಇವರ ವಿರುದ್ಧದ ಷರಾ. ಷರಾ ಸುಳ್ಳಲ್ಲ. ಆದರೆ 2021ರಲ್ಲಿ ಇಂಗ್ಲೆಂಡಿನಲ್ಲಿ ಅಭ್ಯಾಸದ ವೇಳೆ ಚೆಂಡು ಹೆಲ್ಮೆಟ್ಟಿಗೆ ಬಡಿದು ಇವರು ಹೊರಗೆ ಕೂತದ್ದು ಆಟದ ದೋಷದಿಂದಲ್ಲ. ಆ ಜಾಗದಲ್ಲಿ ಬಂದ ಕೆ. ಎಲ್. ರಾಹುಲ್ ಮೊದಲು 84, ಆಮೇಲೆ ಲಾರ್ಡ್ಸಿನಲ್ಲಿ 129 ಹೊಡೆದರು. ಕನ್ನಡ ನಾಡಿನವನ ಕುರ್ಚಿಯಲ್ಲಿ ಕನ್ನಡ ನಾಡಿನವನೇ ಕೂತ! ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಮಯಾಂಕರ ಜೊತೆಗಾರ ಬುಧಿ ಕುಂದರನ್. ಮೂಲ್ಕಿಯಲ್ಲಿ 1939ರಲ್ಲಿ ಹುಟ್ಟಿದ ಬುಧಿಸಾಗರ ಕೃಷ್ಣಪ್ಪ ಕುಂದರನ್ ರಣಜಿ ಪಂದ್ಯ ಆಡುವ ಮೊದಲೇ, 1960ರ ಜನವರಿಯಲ್ಲಿ, ಆಸ್ಟ್ರೇಲಿಯಾದ ವಿರುದ್ಧ ಮುಂಬಯಿಯಲ್ಲಿ ಟೆಸ್ಟ್ ಆಡಿದವರು. 1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ 192 ಹೊಡೆದರು. ಆ ಸರಣಿಯ ಐದು ಟೆಸ್ಟುಗಳಲ್ಲಿ ಎರಡು ಶತಕ ಸೇರಿ 525 ರನ್. ವಿಕೆಟ್ ಕೀಪರನೊಬ್ಬ ಆರಂಭದಲ್ಲೇ ಬಂದು ಹೀಗೆ ಬಾರಿಸುವುದು ಆ ಕಾಲಕ್ಕೆ ಅಪರೂಪ. ಅದೇ ವರ್ಷದ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ತಂಡ ಬಂದಾಗ ವಿಕೆಟ್ಟಿನ ಹಿಂದೆ ನಿಂತವರು ಇಂದ್ರಜಿತ್‌ಸಿಂಹಜಿ! ಅನಂತರ ಫರೂಕ್ ಇಂಜಿನಿಯರ್ ಗಟ್ಟಿಯಾಗಿ ನೆಲೆಯೂರಿದರು. ಇಂಜಿನಿಯರ್ ಹೆಚ್ಚುಗಾರರೇ ಇರಬಹುದು. ಆದರೆ 525 ರನ್ ಗಳಿಸಿದವನಿಗೆ ಮುಂದಿನ ಸರಣಿಯ ಬಾಗಿಲು ತೆರೆದಿರಬೇಡವೇ? ಒಟ್ಟು 18 ಟೆಸ್ಟಿನಲ್ಲಿ 981 ರನ್ ಗಳಿಸಿದ ಕುಂದರನ್ ಸ್ಕಾಟ್ಲೆಂಡಿನಲ್ಲಿ ನೆಲೆಸಿ 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. ಮೂಲ್ಕಿಯಿಂದ ಗ್ಲಾಸ್ಗೋಗೆ ಹೋದ ಈ ವಲಸಿಗನಿಗೆ ವಲಸಿಗರಾದ ನಮ್ಮ ತಂಡದಲ್ಲಿ ಖಾಯಂ ಹುದ್ದೆ.

ಮಧ್ಯದ ಕ್ರಮಾಂಕ

ಮೂರನೆಯವರು ಕರುಣ್ ನಾಯರ್. 2015ರ ರಣಜಿ ಅಂತಿಮ ಪಂದ್ಯದಲ್ಲಿ ತಮಿಳುನಾಡಿನ ವಿರುದ್ಧ 328. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ವಿರುದ್ಧ, ತಮ್ಮ ಮೂರನೆಯ ಟೆಸ್ಟಿನಲ್ಲೇ, ಔಟಾಗದೆ 303. ಭಾರತಕ್ಕಾಗಿ ಸೆಹವಾಗ್ ಒಬ್ಬರನ್ನು ಬಿಟ್ಟರೆ ತ್ರಿಶತಕ ಹೊಡೆದವರು ಇವರು ಮಾತ್ರ. ಮರು ಟೆಸ್ಟಿನಲ್ಲೇ ಇವರಿಗೆ ಜಾಗವಿರಲಿಲ್ಲ. ಗಾಯದಿಂದ ಗುಣವಾಗಿ ರಹಾನೆ ಮರಳಿದ್ದರು. 2017ರ ಫೆಬ್ರವರಿಯಲ್ಲಿ ನಮ್ಮ ಗಹುಂಜೆಯಲ್ಲಿ ಮೊದಲ ಟೆಸ್ಟ್ ನಡೆದಾಗ ಎರಡು ತಿಂಗಳ ಹಿಂದಿನ ತ್ರಿಶತಕಧಾರಿ ಪೆವಿಲಿಯನ್ನಿನಲ್ಲಿ ಕೂತಿದ್ದರು. ಆ ಪಂದ್ಯವನ್ನು ಭಾರತ 333 ರನ್ನುಗಳಿಂದ ಸೋತದ್ದು ಬೇರೆ ಮಾತು. ಅದೇ ಸರಣಿಯ ಉಳಿದ ಮೂರು ಟೆಸ್ಟ್ ಆಡಿ ವಿಫಲರಾದರು ನಿಜ. ಆಮೇಲೆ 2025ರವರೆಗೆ ಟೆಸ್ಟಿಲ್ಲ. ಭಾರತ ಮಾತ್ರವಲ್ಲ, ಕರ್ನಾಟಕವೂ ಕೈಬಿಟ್ಟಿತು. 2023ರಲ್ಲಿ ವಿದರ್ಭಕ್ಕೆ ಹೋಗಿ ರನ್ನಿನ ರಾಶಿ ಹಾಕಿ, 2025ರಲ್ಲಿ ಇಂಗ್ಲೆಂಡಿನಲ್ಲಿ 4 ಟೆಸ್ಟ್ ಆಡಿದರು. ಅಲ್ಲಿ ಒಂದೇ ಅರ್ಧಶತಕ ಬಂತು. ಅಷ್ಟಕ್ಕೆ ಬಾಗಿಲು ಮತ್ತೆ ಮುಚ್ಚಿತು. ಎಂಟು ವರ್ಷ ಕಾದು ಮರಳಿದವನಿಗೆ ಒಂದು ಸರಣಿಯ ವಾಯಿದೆ ಸಾಕೇ ಎಂಬುದು ನಮ್ಮ ಪ್ರಶ್ನೆ.

ನಾಲ್ಕನೆಯವರು ಬ್ರಿಜೇಶ್ ಪಟೇಲ್. 1973-74ರ ರಣಜಿ ಸೆಮಿಫೈನಲಿನಲ್ಲಿ, ಹದಿನೈದು ವರ್ಷ ಸತತವಾಗಿ ಟ್ರೋಫಿ ಹಿಡಿದಿದ್ದ ಮುಂಬಯಿಯನ್ನು ಬೆಂಗಳೂರಿನಲ್ಲಿ ಉರುಳಿಸಿದಾಗ ವಿಶ್ವನಾಥರ 162ರ ಜೊತೆ ಇವರ 106 ಇತ್ತು. ಜನ ವಿಶ್ವನಾಥರನ್ನು ನೆನೆದರು. 1976ರಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಔಟಾಗದೆ 115. ಅದೇ ಊರಿನ ಮರು ಟೆಸ್ಟಿನಲ್ಲಿ ಭಾರತ 403ರ ಗುರಿ ಬೆನ್ನಟ್ಟಿ ಗೆದ್ದು ಇತಿಹಾಸ ಬರೆದಾಗ ಕೊನೆಯವರೆಗೆ ನಿಂತ 49 ಇವರದೇ. ಜನ ಗಾವಸ್ಕರ್ ಮತ್ತು ವಿಶ್ವನಾಥರ ಶತಕಗಳನ್ನು ನೆನೆದರು. 21 ಟೆಸ್ಟಿಗೆ ಇವರ ಲೆಕ್ಕ ಮುಗಿಯಿತು. ಪ್ರಥಮ ದರ್ಜೆಯಲ್ಲಿ ಹನ್ನೊಂದು ಸಾವಿರಕ್ಕೂ ಮೀರಿದ ರನ್, 37 ಶತಕ. ಇವರನ್ನು ಟೆಸ್ಟ್ ಸರಾಸರಿ 29ರಿಂದ ಮಾತ್ರ ಅಳೆಯುವವರು ಈ ಅಂಕಿಯನ್ನೂ ಓದಿಕೊಳ್ಳಲಿ.

ಐದನೆಯವರೂ ತಂಡದ ನಾಯಕರೂ ವಿ. ಸುಬ್ರಹ್ಮಣ್ಯ. ಇವರದು 9 ಟೆಸ್ಟ್, 263 ರನ್, ಅತ್ಯಧಿಕ 75. ಅಂಕಿಗಳ ಬಲದಿಂದ ಇವರ ಪರ ವಾದಿಸಲು ಬರುವುದಿಲ್ಲ, ನಾವು ವಾದಿಸುವುದೂ ಇಲ್ಲ. ಅರುವತ್ತರ ದಶಕದಲ್ಲಿ ಮೈಸೂರು ತಂಡವನ್ನು ನಡೆಸಿದವರು ಇವರು. ಎಪ್ಪತ್ತರ ದಶಕದಲ್ಲಿ ಟ್ರೋಫಿ ಎತ್ತಿದವರ ಭಾವಚಿತ್ರ ನಮ್ಮಲ್ಲಿದೆ. ಅದಕ್ಕೆ ಮೊದಲು ಹೊಲ ಉತ್ತವರ ಚಿತ್ರವಿಲ್ಲ. 1967ರಲ್ಲಿ ಬರ್ಮಿಂಗ್‌ಹ್ಯಾಮಿನ ಟೆಸ್ಟಿಗೆ ಭಾರತ ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಎಂಬ ನಾಲ್ವರು ಸ್ಪಿನ್ನರುಗಳನ್ನು ಇಳಿಸಿತು. ಆಗ ಹೊಸ ಚೆಂಡನ್ನು ಹಿಡಿದವರು ಯಾರು? ಸುಬ್ರಹ್ಮಣ್ಯ ಮತ್ತು ಕುಂದರನ್! ನಾಲ್ವರು ಮಹಾಶಯರ ಹೆಸರು ಎಲ್ಲ ಪುಸ್ತಕಗಳಲ್ಲೂ ಇದೆ. ಚೆಂಡಿನ ಹೊಳಪು ತೆಗೆದುಕೊಟ್ಟ ಈ ಇಬ್ಬರು ಅಡಿಟಿಪ್ಪಣಿಯಾದರು.

ಆರನೆಯವರು ಕನ್ನಡಕಧಾರಿ ವಿಜಯ್ ಭಾರದ್ವಾಜ್. 1998-99ರಲ್ಲಿ ಕರ್ನಾಟಕ ಬೆಂಗಳೂರಿನಲ್ಲಿ ಮಧ್ಯಪ್ರದೇಶವನ್ನು ಸೋಲಿಸಿ ರಣಜಿ ಗೆದ್ದಾಗ ಕೊನೆಯ ದಿನ ಇವರ ಆಫ್‌ಸ್ಪಿನ್ ಎದುರಾಳಿಗಳನ್ನು ಉರುಳಿಸಿತು. ಹಂಗಾಮಿನುದ್ದಕ್ಕೂ ರನ್ನುಗಳು ಹರಿದಿದ್ದವು. 1999ರಲ್ಲಿ ನೈರೋಬಿಯಲ್ಲಿ ಏಕದಿನ ಪಂದ್ಯಗಳಿಗೆ ಪದಾರ್ಪಣೆ ಮಾಡಿ ಮೊದಲ ಸರಣಿಯಲ್ಲೇ ಸರಣಿಶ್ರೇಷ್ಠರಾದರು. ಅಷ್ಟು ಜೋರಾಗಿ ಬಂದವರು ಒಟ್ಟು ಆಡಿದ್ದು 3 ಟೆಸ್ಟ್, 10 ಏಕದಿನ. ಟೆಸ್ಟಿನಲ್ಲಿ ಬ್ಯಾಟು ಮಾತಾಡಲಿಲ್ಲ. ಆದರೆ ಮೂರು ಟೆಸ್ಟಿನ ಮೌನವನ್ನು ಮೂಕತನವೆಂದು ಬರೆದುಕೊಳ್ಳುವುದು ಅವಸರವಾಯಿತು.

ವಿಕೆಟ್ಟಿನ ಹಿಂದೆ

ಕುಂದರನ್ ಇರುವಾಗ ಇನ್ನೊಬ್ಬ ಕೀಪರ್ ಏಕೆಂದು ಕೇಳಬಹುದು. ಸದಾನಂದ ವಿಶ್ವನಾಥರನ್ನು ಬಿಡಲು ಮನಸ್ಸು ಒಪ್ಪಲಿಲ್ಲವೆಂಬುದು ಪೂರ್ಣ ಉತ್ತರವಲ್ಲ. ಕುಂದರನ್ನರ ಬಲ ಬ್ಯಾಟಿನಲ್ಲಿ, ಸದಾನಂದರ ಬಲ ಗ್ಲೌಸಿನಲ್ಲಿ. 1985ರ ಮಾರ್ಚಿನಲ್ಲಿ ಮೆಲ್ಬರ್ನಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ. ನೆಲೆಯೂರಿ 48 ಹೊಡೆದಿದ್ದ ಜಾವೇದ್ ಮಿಯಾಂದಾದ್ ಶಿವರಾಮಕೃಷ್ಣನ್ನರ ಚೆಂಡಿಗೆ ಮುಂದೆ ನುಗ್ಗಿದರು. ಸದಾನಂದರು ಗುಬ್ಬಿಗಳನ್ನು ಹಾರಿಸಿದರು. ಆ ತಂಡದ ಗೆಲುವಿನಲ್ಲಿ ಶಾಸ್ತ್ರಿಯವರಿಗೆ ಆಡಿ ಕಾರು ಸಿಕ್ಕಿದ್ದು ಎಲ್ಲರಿಗೂ ನೆನಪಿದೆ. ಆ 22 ವರ್ಷದ ಕೀಪರನನ್ನು ಕೇಳುವವರಿಲ್ಲ. ಅದೇ ವರ್ಷ ಶ್ರೀಲಂಕೆಯಲ್ಲಿ 3 ಟೆಸ್ಟ್ ಆಡಿದರು. 1988ರ ಆರಂಭಕ್ಕೆ, 25ನೆಯ ವಯಸ್ಸಿನಲ್ಲಿ, 22 ಏಕದಿನ ಪಂದ್ಯಗಳೊಂದಿಗೆ ಅಂತರರಾಷ್ಟ್ರೀಯ ಬದುಕು ಮುಗಿಯಿತು. ಸರ್ಕಾರಿ ಕೆಲಸದಲ್ಲಿ ಆ ವಯಸ್ಸಿಗೆ ಪ್ರೊಬೇಷನ್ನೇ ಮುಗಿದಿರುವುದಿಲ್ಲ!

ಇಬ್ಬರು ಎಡಗೈಯವರು

ಎಂಟನೆಯವರು ಗದಗಿನ ಸುನಿಲ್ ಜೋಶಿ. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಇದನ್ನು ಓದಿದ ಹೊಸಬರು ಅಚ್ಚಿನ ದೋಷವೆಂದುಕೊಂಡಾರು. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದಾಗ ಎರಡೂ ಇನಿಂಗ್ಸ್ ಸೇರಿ 8 ವಿಕೆಟ್ ಪಡೆದು, ಜೊತೆಗೆ 92 ರನ್ ಹೊಡೆದವರು ಇವರು. 2000 ಕಳೆದ ಮೇಲೆ ಇವರಿಗೆ ಇನ್ನೊಂದು ಟೆಸ್ಟ್ ಸಿಗಲಿಲ್ಲ. 15 ಟೆಸ್ಟಿನಲ್ಲಿ 41 ವಿಕೆಟ್. ಪ್ರಥಮ ದರ್ಜೆಯಲ್ಲಿ 615. ಭಾರತದ ಸ್ಪಿನ್ ವಿಭಾಗದಲ್ಲಿ ಮೊದಲ ಕುರ್ಚಿ ಕುಂಬ್ಳೆಯವರದು. ಉಳಿದದ್ದು ಒಂದೇ ಕುರ್ಚಿ, ಅದಕ್ಕೆ ದೇಶವೆಲ್ಲ ಅಭ್ಯರ್ಥಿಗಳು.

ಹನ್ನೊಂದನೆಯವರಾಗಿ ಆಡುವ ಪುತ್ತೂರಿನ ಎ. ರಘುರಾಮ ಭಟ್ಟರ ಹೆಸರನ್ನು ಇಲ್ಲೇ ಹೇಳಿಬಿಡುತ್ತೇವೆ, ಏಕೆಂದರೆ ಈ ಇಡೀ ತಂಡದ ಆತ್ಮ ಅವರಲ್ಲಿದೆ. 1981-82ರ ರಣಜಿ ಸೆಮಿಫೈನಲ್, ಬೆಂಗಳೂರು, ಎದುರಾಳಿ ಮುಂಬಯಿ. ಭಟ್ಟರು ಮೊದಲ ಇನಿಂಗ್ಸಿನಲ್ಲಿ ಹ್ಯಾಟ್ರಿಕ್ ಸೇರಿ 8 ವಿಕೆಟ್ ಕಿತ್ತರು. ಎರಡನೆಯ ಇನಿಂಗ್ಸಿನಲ್ಲಿ ಅಂಕಣ ಎಷ್ಟು ತಿರುಗುತ್ತಿತ್ತೆಂದರೆ ಸುನಿಲ್ ಗಾವಸ್ಕರರು ಭಟ್ಟರ ಎಸೆತಗಳನ್ನು ಎಡಗೈ ದಾಂಡಿಗನಾಗಿ ನಿಂತು ಆಡಿದರು, ಉಳಿದವರ ಎಸೆತಗಳನ್ನು ಬಲಗೈಯಲ್ಲಿ! ಪ್ರಪಂಚದ ಅತ್ಯುತ್ತಮ ಆರಂಭಿಕನು ತನ್ನ ನಿಲುವನ್ನೇ ಬದಲಿಸಿದ. ಬೌಲರನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರವನ್ನು ಯಾವ ವಿಶ್ವವಿದ್ಯಾಲಯ ಕೊಟ್ಟೀತು? ಕರ್ನಾಟಕ ಅಂತಿಮ ಪಂದ್ಯಕ್ಕೆ ಹೋಗಿ 705 ರನ್ ಹೊಡೆದೂ ದೆಹಲಿಯ 8ಕ್ಕೆ 707ರ ಎದುರು ಸೋತದ್ದು ಇನ್ನೊಂದು ವಿಚಿತ್ರ. ಭಟ್ಟರಿಗೆ 1983ರ ಅಕ್ಟೋಬರಿನಲ್ಲಿ ಟೆಸ್ಟ್ ಕರೆ ಬಂತು. ನಾಗಪುರದಲ್ಲಿ ಪಾಕಿಸ್ತಾನದ ವಿರುದ್ಧ ಒಂದು; ಅವರಿಗೆ ಬಲಿಯಾದವರಲ್ಲಿ ಮಿಯಾಂದಾದ್ ಒಬ್ಬರು. ಕಾನ್ಪುರದಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಇನ್ನೊಂದು. ಒಟ್ಟು 4 ವಿಕೆಟ್. ಆರಂಭವೂ ಮುಕ್ತಾಯವೂ ಅದೇ ತಿಂಗಳು. ಪ್ರಥಮ ದರ್ಜೆಯಲ್ಲಿ 374 ವಿಕೆಟ್ ಪಡೆದವರನ್ನು ಎರಡು ಪಂದ್ಯಗಳಲ್ಲಿ ಅಳೆದು ಬದಿಗಿಟ್ಟರು.

ವೇಗಿಗಳು

ಒಂಬತ್ತನೆಯವರು ದಾವಣಗೆರೆಯ ಆಟೋ ಚಾಲಕರೊಬ್ಬರ ಮಗ ಆರ್. ವಿನಯ್ ಕುಮಾರ್. ಕರ್ನಾಟಕ 2013-14 ಮತ್ತು 2014-15ರಲ್ಲಿ ಎರಡು ವರ್ಷ ಸತತವಾಗಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದಾಗ ನಾಯಕರು ಇವರೇ. ಕರುಣರು 328 ಹೊಡೆದ ಆ 2015ರ ಅಂತಿಮ ಪಂದ್ಯದಲ್ಲಿ ಇವರು 5 ವಿಕೆಟ್ ಪಡೆದು ಶತಕವನ್ನೂ ಹೊಡೆದರೆಂಬುದನ್ನು ಎಷ್ಟು ಮಂದಿ ಬಲ್ಲರು? 504 ಪ್ರಥಮ ದರ್ಜೆ ವಿಕೆಟ್. ಏಕದಿನ ಪಂದ್ಯ 31. ಟೆಸ್ಟ್ ಮಾತ್ರ ಒಂದು. 2012ರ ಜನವರಿಯಲ್ಲಿ ಪರ್ತಿನಲ್ಲಿ, ಡೇವಿಡ್ ವಾರ್ನರ್ 180 ಬಾರಿಸಿದ ಪಂದ್ಯದಲ್ಲಿ, 13 ಓವರಿಗೆ 73 ರನ್, 1 ವಿಕೆಟ್. ಇಡೀ ಟೆಸ್ಟ್ ಜೀವನಕ್ಕೆ ಅದೊಂದೇ ಸಾಲು.

ಹತ್ತನೆಯವರು ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್. 1995-96ರಲ್ಲಿ ಕೇರಳದ ವಿರುದ್ಧ 152 ರನ್ನಿಗೆ 10 ವಿಕೆಟ್ ಪಡೆದು ಗಮನ ಸೆಳೆದರು. 1996ರ ಅಕ್ಟೋಬರಿನಲ್ಲಿ ಶ್ರೀನಾಥರು ಗಾಯಗೊಂಡದ್ದರಿಂದ ದೆಹಲಿಯಲ್ಲಿ ಆಸ್ಟ್ರೇಲಿಯಾದ ವಿರುದ್ಧ ಆಡಿದರು. ಇವರ ಚೆಂಡಿಗೆ ಸ್ಲೇಟರ್ ಕೊಟ್ಟ ಕ್ಯಾಚನ್ನು ಅಜರುದ್ದೀನ್ ಸ್ಲಿಪ್ಪಿನಲ್ಲಿ ಹಾರಿ ಹಿಡಿದದ್ದು ಇಂದಿಗೂ ಪ್ರಸಿದ್ಧ. ಎಸೆದವರ ಹೆಸರು ಮಾತ್ರ ಪ್ರಸಿದ್ಧವಲ್ಲ. ಡರ್ಬನ್ನಿನಲ್ಲಿ ಇನ್ನೊಂದು ಟೆಸ್ಟ್. ಒಟ್ಟು 3 ವಿಕೆಟ್. ರಜೆಯ ಖಾಲಿ ಜಾಗದ ನೇಮಕಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆಯಿಲ್ಲ. ಜಾನ್ಸನ್ 2024ರ ಜೂನಿನಲ್ಲಿ, 52ನೆಯ ವಯಸ್ಸಿನಲ್ಲಿ ತೀರಿಕೊಂಡರು.

ತಂಡ ಹೀಗಾಯಿತು: ಮಯಾಂಕ್ ಅಗರವಾಲ್, ಬುಧಿ ಕುಂದರನ್, ಕರುಣ್ ನಾಯರ್, ಬ್ರಿಜೇಶ್ ಪಟೇಲ್, ವಿ. ಸುಬ್ರಹ್ಮಣ್ಯ (ನಾಯಕ), ವಿಜಯ್ ಭಾರದ್ವಾಜ್, ಸದಾನಂದ ವಿಶ್ವನಾಥ್, ಸುನಿಲ್ ಜೋಶಿ, ವಿನಯ್ ಕುಮಾರ್, ಡೇವಿಡ್ ಜಾನ್ಸನ್, ರಘುರಾಮ ಭಟ್. ಹನ್ನೆರಡನೆಯವರು ದೊಡ್ಡ ಗಣೇಶ್.

ಆಯ್ಕೆಯ ಮೇಲೆ ವಿಮರ್ಶೆ

ಇಲ್ಲಿ ಜಾಗ್ರತೆಯಾಗಿ ಓದುವವರು ನಮ್ಮನ್ನು ತಡೆದು ನಿಲ್ಲಿಸಬಹುದು. 365 ಪ್ರಥಮ ದರ್ಜೆ ವಿಕೆಟ್ ಪಡೆದು, 1997ರಲ್ಲಿ ಕೇವಲ 4 ಟೆಸ್ಟ್ ಆಡಿದ ಗಣೇಶರು ಹನ್ನೆರಡನೆಯವರೇಕೆ? ತಂಡಕ್ಕೆ ವೇಗ ಬೇಕಿತ್ತು, ಜಾನ್ಸನ್ ವೇಗಿ, ಅಷ್ಟೇ ಕಾರಣ. ತನ್ನ ಹುಟ್ಟುಹಬ್ಬದಂದೇ, 2019ರ ವಿಜಯ್ ಹಜಾರೆ ಅಂತಿಮ ಪಂದ್ಯದಲ್ಲಿ ಹ್ಯಾಟ್ರಿಕ್ ಪಡೆದ ಅಭಿಮನ್ಯು ಮಿಥುನ್ ಎಲ್ಲಿ? 2014ರಲ್ಲಿ ಮೀರ್‌ಪುರದಲ್ಲಿ 4 ರನ್ನಿಗೆ 6 ವಿಕೆಟ್ ಪಡೆದ ಸ್ಟುವರ್ಟ್ ಬಿನ್ನಿ ಎಲ್ಲಿ? 1976ರಲ್ಲಿ ನ್ಯೂಜಿಲೆಂಡಿನಲ್ಲಿ ಒಂದೇ ಒಂದು ಏಕದಿನ ಪಂದ್ಯ ಆಡಿದ ಸುಧಾಕರ ರಾವ್ ಎಲ್ಲಿ? ಇವರಿಗೆ ನಮ್ಮ ತಂಡದಲ್ಲೂ ಜಾಗ ಸಾಲಲಿಲ್ಲ. ಕಡೆಗಣಿಸಲ್ಪಟ್ಟವರ ತಂಡ ಕಟ್ಟುವವನೂ ಕೆಲವರನ್ನು ಕಡೆಗಣಿಸಿಯೇ ಕಟ್ಟಬೇಕು. ಕುರ್ಚಿಗಳು ಹನ್ನೊಂದೇ. ಆಯ್ಕೆ ಸಮಿತಿಯವರನ್ನು ಬಯ್ಯುವ ಪ್ರತಿಯೊಬ್ಬರೂ ಒಮ್ಮೆ ಕಾಗದ ಪೆನ್ಸಿಲ್ ಹಿಡಿದು ಈ ಕೆಲಸ ಮಾಡಿ ನೋಡಬೇಕು.

ಇದರಿಂದ ನಮ್ಮಲ್ಲಿ ಬಹಳ ಪ್ರಚಾರದಲ್ಲಿರುವ ಒಂದು ದೂರನ್ನು ಪರೀಕ್ಷಿಸಲು ಅನುಕೂಲವಾಗುತ್ತದೆ. "ಮುಂಬಯಿಯವರು ನಮ್ಮವರನ್ನು ಬೆಳೆಯಗೊಡಲಿಲ್ಲ" ಎಂಬುದು ಆ ದೂರು. ಮಹಾರಾಷ್ಟ್ರದಲ್ಲಿ ನೆಲೆಸಿರುವ ನಮಗೆ ಹೀಗೆ ಹೇಳಿಕೊಳ್ಳುವುದು ಬಾಯಿಗೆ ರುಚಿ. ಆದರೆ 1996ರ ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ ಆಸ್ಟ್ರೇಲಿಯಾದ ವಿರುದ್ಧ ಇಳಿದ ಭಾರತ ತಂಡವನ್ನು ನೋಡಿ. ದ್ರಾವಿಡ್, ಕುಂಬ್ಳೆ, ಶ್ರೀನಾಥ್, ವೆಂಕಟೇಶ ಪ್ರಸಾದ್, ಸುನಿಲ್ ಜೋಶಿ, ಸುಜಿತ್ ಸೋಮಸುಂದರ್. ಹನ್ನೊಂದರಲ್ಲಿ ಆರು ಮಂದಿ ಒಂದೇ ರಾಜ್ಯದವರು, ನಾಯಕ ಮುಂಬಯಿಯ ತೆಂಡೂಲ್ಕರ್! ಆ ರಾತ್ರಿ ಒಂಬತ್ತನೆಯ ವಿಕೆಟ್ಟಿಗೆ ಮುರಿಯದ 52 ರನ್ ಸೇರಿಸಿ ಕುಂಬ್ಳೆ ಮತ್ತು ಶ್ರೀನಾಥ್ ಪಂದ್ಯ ಗೆಲ್ಲಿಸಿದರು. ಅವರಿಬ್ಬರನ್ನು ನಾಡು ತಲೆಯ ಮೇಲೆ ಹೊತ್ತಿತು. ಅದೇ ಪಂದ್ಯದಲ್ಲಿ ಇನಿಂಗ್ಸ್ ಆರಂಭಿಸಿದ ಸೋಮಸುಂದರರು ಒಟ್ಟು 2 ಏಕದಿನ ಪಂದ್ಯ ಆಡಿ 16 ರನ್ನಿಗೆ ಮರೆಯಾದರು.

ಹಾಗಾದರೆ ನಮ್ಮ ಕಾಯಿಗಳನ್ನು ಮರೆಮಾಡಿದ ಎಲೆ ಯಾವುದು? ಬಹುಪಾಲು ನಮ್ಮ ಮರದ ಎಲೆಯೇ. ಜಾನ್ಸನ್ ಮತ್ತು ಗಣೇಶರ ಮುಂದೆ ಶ್ರೀನಾಥ್ ಮತ್ತು ಪ್ರಸಾದ್ ಇದ್ದರು. ಜೋಶಿಯವರ ಮುಂದೆ ಕುಂಬ್ಳೆ. ಬ್ರಿಜೇಶರ ಪಕ್ಕದಲ್ಲಿ ವಿಶ್ವನಾಥ್. ಮಯಾಂಕರ ಜಾಗಕ್ಕೆ ರಾಹುಲ್. ದೊಡ್ಡ ಮರದ ಕೆಳಗಿನ ಸಸಿಗೆ ಬಿಸಿಲು ಕಡಿಮೆ. ಕುಂದರನ್, ಭಟ್, ಕರುಣ್ ಇವರ ಪ್ರಕರಣಗಳಲ್ಲಿ ಆಯ್ಕೆ ಸಮಿತಿಯವರು ಉತ್ತರ ಹೇಳಬೇಕಾದ ಪ್ರಶ್ನೆಗಳಿವೆ. ಅವನ್ನು ನಾವು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಎಲ್ಲಕ್ಕೂ ಪರರನ್ನು ದೂರಿದರೆ ಈ ಮೂವರ ನಿಜವಾದ ಅಹವಾಲೂ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಸುಳ್ಳು ದೂರು ನೂರಿದ್ದರೆ ನಿಜವಾದ ದೂರಿನ ಫೈಲು ಅಡಿಗೆ ಬೀಳುತ್ತದೆ.

ಇನ್ನೊಂದು ದೊಡ್ಡ ಮರೆವಿದೆ. ನಮ್ಮ ಹನ್ನೊಂದು ಮಂದಿಯೂ ಗಂಡಸರು. ಭಾರತದಲ್ಲಿ ಮಹಿಳೆಯರ ಮೊದಲ ಅಂತರರಾಜ್ಯ ಪಂದ್ಯಾವಳಿ ನಡೆದದ್ದು ಇದೇ ಪುಣೆಯಲ್ಲಿ, 1973ರಲ್ಲಿ, ಮೂರೇ ತಂಡಗಳೊಂದಿಗೆ. ಮೂರು ವರ್ಷದ ಮೇಲೆ, 1976ರಲ್ಲಿ, ಭಾರತದ ಮಹಿಳಾ ತಂಡ ಮೊದಲ ಟೆಸ್ಟ್ ಆಡಿದಾಗ ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಅದೇ ವರ್ಷ ಪಾಟ್ನಾದಲ್ಲಿ ಮೊದಲ ಗೆಲುವು, 1977ರ ಆರಂಭದಲ್ಲಿ ನ್ಯೂಜಿಲೆಂಡಿನ ಡನೆಡಿನ್ನಿನಲ್ಲಿ ಅವರದೇ ಶತಕ. ನಮ್ಮ ನಾಮಾವಳಿಯಲ್ಲಿ ಅವರ ಹೆಸರು ಎಷ್ಟನೆಯದು? ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ವಿರುದ್ಧ 15 ರನ್ನಿಗೆ 5 ವಿಕೆಟ್ ಪಡೆದು ತಂಡವನ್ನು ಸೆಮಿಫೈನಲಿಗೆ ಒಯ್ದರು. ವಿಜಯಪುರದ ಕಡೆಯ ಮನೆತನಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರಾದರೂ ಮಕ್ಕಳಿಗೆ ಈ ಹೆಸರನ್ನು ಹೇಳಿಕೊಟ್ಟಿದ್ದಾರೆಯೇ? ಮರೆತ ಮಹಿಳೆಯರ ತಂಡ ಕಟ್ಟಹೊರಟರೆ ಹನ್ನೊಂದು ಜಾಗ ಏನೇನೂ ಸಾಲದು. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು, ಮತ್ತು ಅದನ್ನು ನಮ್ಮ ಮಹಿಳಾ ಶಾಖೆಯ ಸದಸ್ಯೆಯರೊಬ್ಬರು ಬರೆದರೆ ಚೆನ್ನ.

ಕೊನೆಯದಾಗಿ ಒಂದು ಮಾತು. ಈ ಹನ್ನೊಂದು ಮಂದಿಯನ್ನು ಸೋತವರೆಂದು ಕನಿಕರಿಸಲು ನಾವು ಆರಿಸಿಲ್ಲ. ಭಟ್ಟರು 374 ವಿಕೆಟ್ ಪಡೆದದ್ದೂ, ಜೋಶಿಯವರು 615 ಪಡೆದದ್ದೂ, ವಿನಯ್ ಆರು ಟ್ರೋಫಿ ಎತ್ತಿದ್ದೂ ಸೋಲಿನ ಲೆಕ್ಕಕ್ಕೆ ಸೇರುವುದಿಲ್ಲ. ಭಾರತದ ಟೋಪಿ ಕಡಿಮೆ ದಿನ ತಲೆಯ ಮೇಲಿತ್ತೆಂಬ ಒಂದೇ ಕಾರಣಕ್ಕೆ ಉಳಿದ ಇಪ್ಪತ್ತು ವರ್ಷದ ದುಡಿಮೆಯನ್ನು ಕಾಣದಿರುವುದು ನೋಡುವವರ ಕಣ್ಣಿನ ದೋಷ. ನಮ್ಮ ಮಕ್ಕಳನ್ನೂ ಒಂದು ಪರೀಕ್ಷೆ, ಒಂದು ಸಂದರ್ಶನದ ಅಂಕಿಯಿಂದ ಅಳೆದು ಷರಾ ಬರೆಯುವ ಕಾಲ ಇದು. ಆಟದಲ್ಲಾದರೂ ನಿಧಾನವಾಗಿ ನೋಡುವುದನ್ನು ಕಲಿತರೆ ಮನೆಯಲ್ಲೂ ಅದು ಉಪಯೋಗಕ್ಕೆ ಬಂದೀತು.

ನಮ್ಮ ತಂಡವನ್ನು ಒಪ್ಪದವರು ಬೇಕಾದಷ್ಟು ಮಂದಿ ಇರುತ್ತಾರೆಂದು ಬಲ್ಲೆವು. ಅವರು ತಮ್ಮ ಹನ್ನೊಂದು ಮಂದಿಯ ಪಟ್ಟಿಯನ್ನು, ಪ್ರತಿ ಹೆಸರಿಗೂ ಒಂದೊಂದು ಕಾರಣದೊಂದಿಗೆ, ಸಂಪಾದಕರಿಗೆ ಕಳುಹಿಸಲಿ. ಕಾರಣವಿಲ್ಲದ ಹೆಸರನ್ನು ಮಾತ್ರ ಪರಿಗಣಿಸಲಾಗದು.